ನಿಮಗಿದು ಗೊತ್ತೇ? ಕರಿ ಕೋಟಿಗೂ ಮುಂಚಿನ ಇಪ್ಪತ್ತು ವಾರ

ಐದು ವರ್ಷದ ಕಾನೂನು ಪದವಿ ಓದುವವರು ಕಾಲೇಜು ಮುಗಿಸುವುದರೊಳಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಿರಲೇಬೇಕು. ಮೂರು ವರ್ಷದ ಎಲ್‌ಎಲ್.ಬಿ.ಯವರಿಗೆ 12 ವಾರ. ಇದು ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮ. ಬೆಳಗಾವಿ ಜಿಲ್ಲೆಯ ಕುಲಗೋಡದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಲಾ ಓದಲು ಹೋದ ಹುಡುಗರಿಗೆ ಈ ಲೆಕ್ಕ ನೆನಪಾಗುವುದು ಬಹುಮಟ್ಟಿಗೆ ಕೊನೆಯ ವರ್ಷದಲ್ಲಿ. ಅಷ್ಟೊತ್ತಿಗೆ ಹೊತ್ತು ಮೀರಿರುತ್ತದೆ. ಯಾವ ವರ್ಷದಲ್ಲೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ ಎಂಬ ಷರತ್ತನ್ನೂ ಅದೇ ನಿಯಮ ಹಾಕಿದೆ. ಐದು ನಾಲ್ಕಲೆ ಇಪ್ಪತ್ತು, ಮೂರು ನಾಲ್ಕಲೆ ಹನ್ನೆರಡು. ವರ್ಷಕ್ಕಿಷ್ಟರಂತೆ ಮುಗಿಸುತ್ತ ಬರಲಿ ಎಂದೇ ಹಾಕಿದ ಲೆಕ್ಕ.

ಆ 20 ವಾರ ಬೆಂಗಳೂರಿನ ಗಾಜಿನ ಕಟ್ಟಡದ ಲಾ ಫರ್ಮಿನಲ್ಲೇ ಕಳೆಯಬೇಕೆಂದು ಯಾವ ನಿಯಮವೂ ಹೇಳಿಲ್ಲ, ಗೊತ್ತೇ? ನಿಯಮದ ಪಟ್ಟಿ ಉದ್ದವಿದೆ: ಸ್ವಯಂಸೇವಾ ಸಂಸ್ಥೆ, ನ್ಯಾಯಾಂಗ, ಶಾಸನಸಭೆ, ಕಂಪನಿ, ಲಾ ಫರ್ಮ್, ಕೊನೆಗೆ ಸ್ಥಳೀಯ ಸ್ವಯಮಾಡಳಿತ ಸಂಸ್ಥೆ ಕೂಡ. ಅಂದರೆ ವಿಶ್ವವಿದ್ಯಾಲಯ ಒಪ್ಪಿದರೆ ಗ್ರಾಮ ಪಂಚಾಯಿತಿಯ ಕಚೇರಿಯೂ ಲೆಕ್ಕಕ್ಕೆ ಬರಬಲ್ಲದು. ಈ ಪಟ್ಟಿಯಲ್ಲಿ ತಪ್ಪಿಸಿಕೊಳ್ಳಲಾಗದ್ದು ಒಂದೇ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ವಕೀಲರ ಬಳಿ, ಒಮ್ಮೆಯಾದರೂ ಮೇಲ್ಮನವಿ ನಡೆಸುವ ವಕೀಲರ ಬಳಿ ಇದ್ದಿರಬೇಕು. ದೊಡ್ಡ ಫರ್ಮಿನ ಹೆಸರಿಗೆ ಹಾತೊರೆಯುವವರು ಮೊದಲು ಓದಬೇಕಾದ ಸಾಲು ಇದು.

ಈ ಕಡ್ಡಾಯದ ಮೊದಲ ಅರ್ಧ ಕುಲಗೋಡದವರಿಗೆ ಬಸ್ಸಿನ ದಾರಿಯಲ್ಲೇ ಇದೆ. ಮೂಡಲಗಿಯಲ್ಲಿ, ಗೋಕಾಕದಲ್ಲಿ, ಹುಕ್ಕೇರಿಯಲ್ಲಿ, ಸಂಕೇಶ್ವರದಲ್ಲಿ ಕೋರ್ಟುಗಳಿವೆ. ಉಳಿದರ್ಧಕ್ಕೆ ಒಂದು ಕಾಲದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಧಾರವಾಡದ ಹೈಕೋರ್ಟ್ ವಕೀಲರೊಬ್ಬರ ಬಳಿ ನಾಲ್ಕು ವಾರ ಇದ್ದರೆ ಆ ಅರ್ಧವೂ ಮುಗಿಯಿತು.

ಹಾಗಾದರೆ ಅರ್ಜಿ ಹಾಕುವುದು ಹೇಗೆ? ದೊಡ್ಡ ಫರ್ಮುಗಳದ್ದು ಒಂದು ಪದ್ಧತಿ. ಅವರದೇ ಆನ್‌ಲೈನ್ ಫಾರ್ಮ್, ಒಂದು ಪುಟದ ಸಿ.ವಿ., ಯಾಕೆ ಬರುತ್ತೀರಿ ಎಂಬುದಕ್ಕೊಂದು ಪತ್ರ, ಯಾವ ತಿಂಗಳು ಎಂಬ ಆಯ್ಕೆ. ಎಷ್ಟೋ ಕಡೆ ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಒಂದೇ ಪತ್ರವನ್ನು ಹತ್ತು ಫರ್ಮಿಗೆ ಕಳಿಸಿ, ಒಂಬತ್ತನೆಯದರಲ್ಲಿ ಎಂಟನೆಯ ಫರ್ಮಿನ ಹೆಸರನ್ನು ಹಾಗೇ ಬಿಟ್ಟವರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ತಾಲ್ಲೂಕಿನ ಕೋರ್ಟಿನಲ್ಲಿ ಪದ್ಧತಿ ಬೇರೆ. ಅಪ್ಪನ ಜಮೀನಿನ ದಾವೆ ನಡೆಸಿದ ವಕೀಲರಿಗೆ ಸೋದರಮಾವನ ಫೋನು ಹೋಗುತ್ತದೆ: "ಸಾಹೇಬ್ರ, ನಮ್ಮ ಅಕ್ಕನ ಮಗಳು ಲಾ ಓದಾಕತ್ತಾಳ್ರಿ. ನಿಮ್ಮ ಕೈಯಾಗ ನಾಕ್ ವಾರ ಇಟ್ಕೋರಿ." ಆ ಕಡೆಯಿಂದ ಉತ್ತರ: "ಸೋಮವಾರ ಬಾ ಅನ್ರಿ. ಕಾಲೇಜಿಂದ ಒಂದು ಪತ್ರ ತರಾಕ ಹೇಳ್ರಿ." ಸಂದರ್ಶನ ಅಷ್ಟೇ. ಆದರೆ ಪ್ರಾಚಾರ್ಯರ ಆ ಪತ್ರವನ್ನು ಮರೆಯಬಾರದು. ಮುಗಿದ ಮೇಲೆ ವಕೀಲರ ಸಹಿ-ಸಿಕ್ಕೆ ಬಿದ್ದ ಪ್ರಮಾಣಪತ್ರ ಇಲ್ಲದಿದ್ದರೆ ನಾಲ್ಕು ವಾರ ಬರಿ ಓಡಾಟವೆಂದೇ ಲೆಕ್ಕ.

ಫೋನು ಮಾಡಬಲ್ಲ ಸೋದರಮಾವ ಇಲ್ಲದವರಿಗೆ? ಪ್ರತಿ ತಾಲ್ಲೂಕಿನ ಕೋರ್ಟಿನಲ್ಲೂ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹುಟ್ಟಿದ್ದು. ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಆ ದಿನವನ್ನೇ ಈಗ ಕಾನೂನು ಸೇವೆಗಳ ದಿನವೆಂದು ಆಚರಿಸುತ್ತಾರೆ. ಕಾನೂನು ವಿದ್ಯಾರ್ಥಿಗಳು ಅಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ಅರ್ಜಿ ಹಾಕಬಹುದು. ಯಾರ ಪರಿಚಯವೂ ಬೇಡ. ಲೋಕ ಅದಾಲತ್ತಿನ ದಿನ ಅಲ್ಲಿ ಕೂತವರಿಗೆ ಬ್ಯಾಂಕ್ ಸಾಲದಿಂದ ಅಪಘಾತ ಪರಿಹಾರದವರೆಗೆ ನೂರೆಂಟು ಬಗೆಯ ವ್ಯಾಜ್ಯ ಒಂದೇ ಕಡೆ ನೋಡಲು ಸಿಗುತ್ತವೆ.

ಇನ್ನು ಡೈರಿಯ ಮಾತು. ಇಂಟರ್ನ್‌ಶಿಪ್ ಡೈರಿಗೆ ಅಂಕವಿದೆ. ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ಎಂಬ 100 ಅಂಕದ ಕಡ್ಡಾಯ ವಿಷಯದಲ್ಲಿ ಮೂಟ್ ಕೋರ್ಟಿಗೆ 30, ಒಂದು ಸಿವಿಲ್ ಮತ್ತೊಂದು ಕ್ರಿಮಿನಲ್ ಮೊಕದ್ದಮೆಯ ವಿಚಾರಣೆ ಕೂತು ನೋಡಿ ಬರೆದದ್ದಕ್ಕೆ 30, ಕಕ್ಷಿದಾರರ ಸಂದರ್ಶನ ಹಾಗೂ ಡೈರಿಗೆ 30, ಮೌಖಿಕ ಪರೀಕ್ಷೆಗೆ 10. "ಇಂದು ಸೀನಿಯರ್ ಜೊತೆ ಕೋರ್ಟಿಗೆ ಹೋದೆ. ತುಂಬ ಕಲಿತೆ" ಎಂದು ಬರೆದರೆ ಅಂಕ ಬೀಳುವುದಿಲ್ಲ. ಬರೆಯಬೇಕಾದದ್ದು ಹೀಗೆ: ವಾಟ್ನಿ, ಅಂದರೆ ಆಸ್ತಿ ಪಾಲಿನ ದಾವೆ. ವಾದಿ ಅಕ್ಕ, ಪ್ರತಿವಾದಿಗಳು ಇಬ್ಬರು ತಮ್ಮಂದಿರು. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು ತಕರಾರು. ವಾದಿಯ ಸಾಕ್ಷಿಯ ಪಾಟಿ ಸವಾಲು ನಡೆಯಿತು. ಹಳೆಯ ಉತಾರದಲ್ಲಿ ಅಜ್ಜನ ಹೆಸರಿದ್ದದ್ದನ್ನು ಸಾಕ್ಷಿ ಒಪ್ಪಿಕೊಂಡರು. ಮುಂದಿನ ತಾರೀಖು ಇಂಥದ್ದು. ಐದಾರು ಸಾಲು ಸಾಕು, ಆದರೆ ಅದರಲ್ಲಿ ದಾವೆಯ ತಿರುಳು ಸಿಕ್ಕಿರಬೇಕು. ಕಕ್ಷಿದಾರರ ಹೆಸರು ಬರೆಯದಿದ್ದರೆ ಇನ್ನೂ ಒಳ್ಳೆಯದು.

ಯಾಕೆಂದರೆ, ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟನ್ನು ಕಾಯುವ ಹೊಣೆ ವಕೀಲರದಷ್ಟೇ ಅಲ್ಲ. ಅವರ ಗುಮಾಸ್ತರು, ನೌಕರರಿಗೂ ಅದು ಅಂಟಿಕೊಳ್ಳುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಫೈಲಿನ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವ ಉತ್ಸಾಹಿಗಳು ಇದನ್ನು ಒಮ್ಮೆ ಓದಿಕೊಂಡರೆ ಕ್ಷೇಮ.

ಅದೇ ಜುಲೈ 1ರಿಂದ ಇಂಟರ್ನ್‌ಗಳಿಗೆ ಇನ್ನೊಂದು ಪೇಚು. ದಂಡಸಂಹಿತೆಯೇ ಬದಲಾಗಿ, ಕೊಲೆಗೆ ಹಳೆಯ 302 ಹೋಗಿ 103 ಬಂತು, ವಂಚನೆಗೆ 420 ಹೋಗಿ 318 ಬಂತು. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳ ಮೊಕದ್ದಮೆಗಳು ಹಳೆಯ ದಂಡಸಂಹಿತೆಯ ಪ್ರಕಾರವೇ ನಡೆಯುತ್ತವೆ. ಹಾಗಾಗಿ ಒಂದೇ ಕೋರ್ಟಿನಲ್ಲಿ, ಒಂದೇ ಬೆಳಿಗ್ಗೆ, ಎರಡೂ ಸಂಖ್ಯೆ ಕಿವಿಗೆ ಬೀಳುತ್ತವೆ. ಸೀನಿಯರ್ "ಫೋರ್ ಟ್ವೆಂಟಿ ಫೈಲ್ ತಾ" ಎಂದರೆ ಯಾವ ವರ್ಷದ್ದು ಎಂದು ಕೇಳುವ ಜೂನಿಯರ್ ಜಾಣ.

ಉಡುಪು: ಕರಿ ಕೋಟು, ಕರಿ ಟೈ, ಬಿಳಿ ಅಂಗಿ, ಬಿಳಿ ಅಥವಾ ಕರಿ ಪ್ಯಾಂಟು, ಕರಿ ಬೂಟು, ಕರಿ ಕಾಲುಚೀಲ. ಕೊರಳಿನ ಬಿಳಿ ಬ್ಯಾಂಡು, ಗೌನು ವಕೀಲರಿಗೆ ಮಾತ್ರ. ಇಷ್ಟೆಲ್ಲ ಹೊಂದಿಸಲು ಆಗದವರು ಬಿಳಿ ಪ್ಯಾಂಟು, ಕುತ್ತಿಗೆವರೆಗೆ ಗುಂಡಿ ಹಾಕಿದ ಪೂರ್ಣ ತೋಳಿನ ಅಂಗಿ, ಮುಚ್ಚಿದ ಬೂಟು ಹಾಕಿದರೂ ನಡೆಯುತ್ತದೆ ಎಂದು ನಿಯಮವೇ ಹೇಳುತ್ತದೆ. ಬಡವರ ಮನೆಯ ಮಕ್ಕಳನ್ನು ನೆನೆದು ಬರೆದ ಈ ಸಾಲು ನನಗೆ ಇಡೀ ನಿಯಮಾವಳಿಯಲ್ಲೇ ಮೆಚ್ಚುಗೆಯದು. 2022ರಲ್ಲಿ ದೆಹಲಿಯ ಶಾಹದರಾ ವಕೀಲರ ಸಂಘ ಇಂಟರ್ನ್‌ಗಳು ಕರಿ ಕೋಟು ಹಾಕಿಕೊಂಡು ಬರಬಾರದು ಎಂದು ಸುತ್ತೋಲೆ ಹೊರಡಿಸಿತ್ತು; ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಮೂಟ್ ಕೋರ್ಟಿನಲ್ಲಿ ಕುಲಗೋಡದವರು ಹಿಂದೆ ಬೀಳಲು ಕಾರಣವೇ ಇಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಜನರ ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಅದು. ಒಂದು ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಹೂಡುವ ತಕರಾರನ್ನು ಬೆಳತನಕ ಕೂತು ಕೇಳಿದ ಜನಕ್ಕೆ ವಾದಿ-ಪ್ರತಿವಾದಿ ಎರಡೂ ಪಕ್ಷ ಹಿಡಿಯುವುದನ್ನು ಯಾರು ಹೇಳಿಕೊಡಬೇಕು?

ಹಿಡಕಲ್ ಅಣೆಕಟ್ಟಿಗೂ ಕಾನೂನು ಕಾಲೇಜಿಗೂ ಏನು ನಂಟು? ಹೆಸರಿನ ನಂಟು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯಕ್ಕೆ ರಾಜಾ ಲಖಮಗೌಡ ಜಲಾಶಯ ಎಂದು ಹೆಸರು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಬೆಳಗಾವಿಯಲ್ಲಿ ತೆರೆದ ಕಾನೂನು ಕಾಲೇಜಿಗೂ ವಂಟಮುರಿಯ ಅದೇ ರಾಜಾ ಲಖಮಗೌಡರ ಹೆಸರು. ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯನವರು ಇಲ್ಲಿ ಕಾನೂನು ಓದಿದವರು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಈಗ ಈ ಕಾಲೇಜೂ ಸೇರಿ ನಾಡಿನ ಕಾನೂನು ಕಾಲೇಜುಗಳು ಬಹುಪಾಲು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ.

ಪದವಿ ಮುಗಿದ ಮೇಲೆ ಒಂದು ವರ್ಷ ತರಬೇತಿ ಪಡೆಯದೆ ಸನದು ಸಿಗದು ಎಂಬ ನಿಯಮ ನಮ್ಮಲ್ಲೂ ಇತ್ತು. 1961ರ ವಕೀಲರ ಕಾಯ್ದೆಯಲ್ಲೇ ತರಬೇತಿ ಮತ್ತು ಪರೀಕ್ಷೆಯ ಮಾತಿತ್ತು; 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 1995ರಲ್ಲಿ ವಕೀಲರ ಪರಿಷತ್ತು ಮತ್ತೆ ಒಂದು ವರ್ಷದ ತರಬೇತಿ ನಿಯಮ ತಂದಿತು. ಸಂಸತ್ತು ತೆಗೆದದ್ದನ್ನು ನಿಯಮದ ಹಿತ್ತಲ ಬಾಗಿಲಿನಿಂದ ತರಲು ಪರಿಷತ್ತಿಗೆ ಅಧಿಕಾರವಿಲ್ಲ ಎಂದು 1999ರ ಮಾರ್ಚ್‌ನಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ. ಆದರೆ ಅಂದಿನಿಂದ ಹೊಸ ವಕೀಲರ ಕಲಿಕೆ ಪೂರ್ತಿಯಾಗಿ ಸೀನಿಯರ್‌ರ ಮನಸ್ಸಿನ ಮೇಲೆ ನಿಂತಿದೆ ಎಂಬುದೂ ನಿಜ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಸಾಲಿಸಿಟರ್ ಆಗಲು ಫರ್ಮಿನ ಜೊತೆ ಎರಡು ವರ್ಷದ ಟ್ರೈನಿಂಗ್ ಕಾಂಟ್ರಾಕ್ಟ್ ಮಾಡಿಕೊಳ್ಳುವುದು ವಾಡಿಕೆ. ಇದರ ಬೇರು 1729ರ ಕಾನೂನಿನಲ್ಲಿದೆ. ಆಗ ಐದು ವರ್ಷ ಕರಾರುಬದ್ಧ ಗುಮಾಸ್ತಿಕೆ ಮಾಡಬೇಕಿತ್ತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1827ರಲ್ಲಿ, ಹದಿನೈದರ ಹರೆಯದಲ್ಲಿ, ಲಂಡನ್ನಿನ ಎಲ್ಲಿಸ್ ಅಂಡ್ ಬ್ಲ್ಯಾಕ್‌ಮೋರ್ ಕಚೇರಿಗೆ ಕಿರಿಯ ಗುಮಾಸ್ತನಾಗಿ ಸೇರಿದ್ದ. ಕರಾರಿನ ಕಲಿಕೆಗಲ್ಲ, ಬರಿ ಸಂಬಳಕ್ಕೆ. ಈಗ ಅಲ್ಲಿ ರಜೆಯಲ್ಲಿ ಒಂದೆರಡು ವಾರ ಫರ್ಮಿನಲ್ಲಿ ಕೂರಿಸಿ ಹುಡುಗರನ್ನು ತೂಗಿ ನೋಡುತ್ತಾರೆ. ಎಷ್ಟೋ ಟ್ರೈನಿಂಗ್ ಕಾಂಟ್ರಾಕ್ಟುಗಳು ಅಲ್ಲೇ ಗಟ್ಟಿಯಾಗುತ್ತವೆ. 2014ರ ಆಗಸ್ಟ್‌ವರೆಗೆ ಟ್ರೇನಿಗಳಿಗೆ ಕೊಡಲೇಬೇಕಾದ ಕನಿಷ್ಠ ಸಂಬಳವನ್ನು ಸಾಲಿಸಿಟರುಗಳ ನಿಯಂತ್ರಣ ಸಂಸ್ಥೆಯೇ ಗೊತ್ತುಮಾಡುತ್ತಿತ್ತು. ಆಮೇಲೆ ಅದನ್ನು ಕೈಬಿಟ್ಟು, ದೇಶದ ಸಾಮಾನ್ಯ ಕನಿಷ್ಠ ವೇತನಕ್ಕೆ ಇಳಿಸಿದರು.

2021ರ ಸೆಪ್ಟೆಂಬರ್‌ನಿಂದ ಅಲ್ಲಿ ಎಸ್‌.ಕ್ಯು.ಇ. ಎಂಬ ಒಂದೇ ಪರೀಕ್ಷೆ ಬಂದಿದೆ. ಮೊದಲ ಹಂತದಲ್ಲಿ 180 ಪ್ರಶ್ನೆಗಳ ಎರಡು ಪತ್ರಿಕೆ. ಎರಡು ವರ್ಷದ ಕೆಲಸದ ಅನುಭವವನ್ನು ಒಂದೇ ಫರ್ಮಿನಲ್ಲಿ ಗಳಿಸಬೇಕಿಲ್ಲ, ನಾಲ್ಕು ಕಡೆಯವರೆಗೆ ಹಂಚಿಕೊಳ್ಳಬಹುದು. ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ದುಡಿದದ್ದೂ ಸೇರುತ್ತದೆ. ಭಾರತದಲ್ಲಿ ಆಗಲೇ ವಕೀಲರಾಗಿರುವವರಿಗೆ ಆ ಎರಡು ವರ್ಷದ ಷರತ್ತೇ ಇಲ್ಲ, ಪರೀಕ್ಷೆ ಗೆದ್ದರೆ ಸಾಕು. ಗೋಕಾಕದಲ್ಲಿ ಸನದು ಹಿಡಿದವರು ಲಂಡನ್ನಿನ ಟ್ರೈನಿಂಗ್ ಕಾಂಟ್ರಾಕ್ಟ್ ಇಲ್ಲದೆಯೂ ಅಲ್ಲಿಯ ಸಾಲಿಸಿಟರ್ ಆಗಬಹುದು ಎಂದಾಯಿತು. ಇದನ್ನು ತಿಳಿಯದೆ ಮತ್ತೊಂದು ಪದವಿಗೆ ಲಕ್ಷಗಟ್ಟಲೆ ಸುರಿಯಲು ಹೊರಡುವವರಿದ್ದಾರೆ.

ಟ್ರೈನಿಂಗ್ ಕಾಂಟ್ರಾಕ್ಟಿಗೆ ಹತ್ತಿರದ ಪದ್ಧತಿ ಬೇಕೆಂದರೆ ಲಂಡನ್ನಿನ ತನಕ ಹೋಗಬೇಕಿಲ್ಲ, ಮುಂಬೈ ಸಾಕು. ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಇಂದಿಗೂ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಮೂರು ವರ್ಷ ಸಾಲಿಸಿಟರೊಬ್ಬರ ಬಳಿ ಆರ್ಟಿಕಲ್‌ಶಿಪ್. 1976ರ ತಿದ್ದುಪಡಿಯಲ್ಲಿ ಅಟಾರ್ನಿ ಎಂಬ ಪ್ರತ್ಯೇಕ ವರ್ಗವೇ ರದ್ದಾದರೂ ಪರೀಕ್ಷೆ ಮಾತ್ರ ನಿಂತಿಲ್ಲ.

ಗಾಂಧೀಜಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದದ್ದು 1891ರ ಜೂನ್ 10ರಂದು. 12ಕ್ಕೆ ಊರಿಗೆ ಹಡಗು ಹತ್ತಿದರು. ಯಾರ ಕೈಕೆಳಗೂ ಪಳಗಿರಲಿಲ್ಲ. ಮುಂಬೈಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮೊದಲ ಪಾಟಿ ಸವಾಲಿಗೆ ಎದ್ದು ನಿಂತಾಗ ಮಾತೇ ಹೊರಡದೆ, ಕೇಸನ್ನು ಬೇರೊಬ್ಬರಿಗೆ ಕೊಡಲು ಹೇಳಿ ಹೊರಗೆ ಬಂದರು. 1922ರಲ್ಲಿ ಶಿಕ್ಷೆಯಾದ ಕಾರಣಕ್ಕೆ ಇನ್ನರ್ ಟೆಂಪಲ್ ಅವರ ಹೆಸರನ್ನು ತೆಗೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ. ಅಂದರೆ 1924ರ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರು ಸನದು ಕಳೆದುಕೊಂಡ ಬ್ಯಾರಿಸ್ಟರ್.

ಈಗ ಒಂದೇ ಉಸಿರಿನಲ್ಲಿ ಕೆಲವು. ದೊಡ್ಡ ಫರ್ಮುಗಳಲ್ಲಿ ಹಿಂದೆ 20ಕ್ಕಿಂತ ಹೆಚ್ಚು ಪಾಲುದಾರರು ಇರುವಂತಿರಲಿಲ್ಲ, 1956ರ ಕಂಪನಿ ಕಾಯ್ದೆಯ ಮಿತಿ ಅದು. 1917ರಲ್ಲಿ ಹುಟ್ಟಿದ ಅಮರಚಂದ್ ಮಂಗಲದಾಸ್ ಲಾ ಫರ್ಮ್ 2015ರಲ್ಲಿ ಅಣ್ಣತಮ್ಮಂದಿರ ನಡುವೆ ಎರಡಾಯಿತು, ವಕೀಲರ ಮನೆಯಲ್ಲೂ ವಾಟ್ನಿ ತಪ್ಪಲಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ, ನಾಮಫಲಕ ಕೂಡ ಮಿತವಾದ ಅಳತೆಯದಿರಬೇಕು. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆಯಂಥ ವಿವರ ಹಾಕಲು ಬಿಟ್ಟದ್ದೇ 2008ರಲ್ಲಿ. ಮೊಕದ್ದಮೆಯ ಸಿ.ಎನ್.ಆರ್. ಸಂಖ್ಯೆಯಲ್ಲಿ 16 ಅಕ್ಷರ-ಅಂಕಿಗಳಿವೆ; ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ಮುಂದಿನ ತಾರೀಖು ನೋಡುವುದೇ ಇಂಟರ್ನ್‌ಗೆ ಸಿಗುವ ಮೊದಲ ಕೆಲಸ. ಇಂಟರ್ನ್‌ಶಿಪ್ ಕೊಡಿಸಲು ದುಡ್ಡು ಕೇಳುವವರು ಎದುರಾದರೆ ಮಾತು ಅಲ್ಲಿಗೇ ನಿಲ್ಲಿಸಿ.

ದುಡ್ಡೆಂದಾಗ ನೆನಪಾಯಿತು. ಜೂನಿಯರ್ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಭತ್ಯೆ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ತಾಲ್ಲೂಕಿನ ಜೂನಿಯರುಗಳನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಕೈಗೆ ಸಿಗುವ ನೆರವು ಬೇರೆಯದು: ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಾನೂನು ಪದವೀಧರರಿಗೆ ನ್ಯಾಯಾಡಳಿತದ ತರಬೇತಿಗಾಗಿ ರಾಜ್ಯ ಸರ್ಕಾರದ ಇಲಾಖೆಗಳು ತಿಂಗಳ ಭತ್ಯೆ ಕೊಡುತ್ತವೆ. ಅರ್ಜಿ ಕರೆಯುವ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ ಬರುತ್ತದೆ, ಕಣ್ಣಿಟ್ಟಿರಬೇಕು.

ಸನದಿನ ಶುಲ್ಕವೂ ಇಳಿದಿದೆ. ಕೆಲವು ರಾಜ್ಯಗಳಲ್ಲಿ ಹತ್ತಾರು ಸಾವಿರ ವಸೂಲಾಗುತ್ತಿದ್ದದ್ದನ್ನು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನೂರು ವರ್ಷದ ಹಿಂದೆ, 1923ರಲ್ಲಿ, ಗ್ರೇಸ್ ಇನ್‌ನ ಬ್ಯಾರಿಸ್ಟರ್ ಆಗಿ ಬಂದ ಅಂಬೇಡ್ಕರರಿಗೇ ಮುಂಬೈಯಲ್ಲಿ ಸನದು ಪಡೆಯಲು ಗೆಳೆಯ ನವಲ್ ಭಥೇನಾ ಹಣ ಕೊಟ್ಟು ನೆರವಾಗಬೇಕಾಯಿತು.

ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಗೊತ್ತೇ? 2011ರಿಂದ ನಡೆದಿರುವ ಈ ಪರೀಕ್ಷೆಯಲ್ಲಿ 100 ಪ್ರಶ್ನೆ; ಸಾಮಾನ್ಯ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಅಂಕ ಸಾಕು; ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಕನ್ನಡ ಬಲ್ಲವರಿಗೆ ಇನ್ನೊಂದು ಬಲವಿದೆ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಕನ್ನಡದಲ್ಲಿ, ಹೈಕೋರ್ಟ್ ವ್ಯವಹಾರ ಇಂಗ್ಲಿಷಿನಲ್ಲಿ. ಮೇಲ್ಮನವಿಯ ಫೈಲು ಧಾರವಾಡಕ್ಕೆ ಹೋಗುವಾಗ ನಡುವೆ ಅನುವಾದಕ್ಕೆ ಜನ ಬೇಕೇ ಬೇಕು. ಖರೇದಿ ಪತ್ರವನ್ನು ತಪ್ಪಿಲ್ಲದೆ ಇಂಗ್ಲಿಷಿಗೆ ತರಬಲ್ಲೆ ಎಂದು ಸಿ.ವಿ.ಯಲ್ಲಿ ಬರೆದರೆ ಯಾವ ಹೈಕೋರ್ಟ್ ವಕೀಲರೂ ಎರಡನೇ ಸಲ ಓದುತ್ತಾರೆ. ಬೆಳಗಾವಿ 1956ರವರೆಗೆ ಮುಂಬೈ ಪ್ರಾಂತದಲ್ಲಿತ್ತು. ಈ ಸೀಮೆಯ ಹಳೆಯ ದಾಖಲೆಗಳಲ್ಲಿ ಮೋಡಿ ಲಿಪಿಯವೂ ಇವೆ. ಅದನ್ನು ಓದಬಲ್ಲ ಹುಡುಗರಿಗೆ ಕೆಲಸ ಹುಡುಕುವ ಕಷ್ಟ ಬಾರದು.

ನ್ಯಾಯಾಧೀಶರಾಗಬೇಕೆನ್ನುವವರಿಗೆ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿತು. ಎಣಿಕೆ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಶುರು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದದ್ದೂ ಲೆಕ್ಕಕ್ಕೆ ಸೇರುತ್ತದೆ. ಕಾಲೇಜಿನ ಇಂಟರ್ನ್‌ಶಿಪ್ ಸೇರುವುದಿಲ್ಲ.

ಕೊನೆಗೆ ರಜೆಯ ಸಂಗತಿ. ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಊರಿಗೆ ಬಂದು, ನಾಲ್ಕು ವಾರ ಕೋರ್ಟಿಗೆ ಹೋಗಿಬಿಡೋಣ ಎನ್ನುವವರು ಕ್ಯಾಲೆಂಡರ್ ನೋಡಿಕೊಳ್ಳಿ. ಆಗ ಹೈಕೋರ್ಟಿಗೂ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ತುರ್ತು ಕೆಲಸಕ್ಕಷ್ಟೇ ರಜಾಕಾಲದ ಪೀಠ ಕೂರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟು ನಡೆದಿರುತ್ತದೆ. ಜಾಮೀನು, ರಿಮಾಂಡು, ಕ್ರಿಮಿನಲ್ ವಿಚಾರಣೆ ನೋಡಲು ಸಿಗುತ್ತವೆ. ವಿಚಾರಣೆ ನೋಡಿ ಬರೆಯುವ ಆ 30 ಅಂಕದಲ್ಲಿ ಸಿವಿಲ್ ಪಾಲಿನದನ್ನು ದಸರೆಯ ಹೊತ್ತಿಗೋ ದೀಪಾವಳಿಯ ಹೊತ್ತಿಗೋ, ಕೋರ್ಟಿನ ರಜೆ ತಪ್ಪಿಸಿ, ಮೊದಲೇ ನೋಡಿಟ್ಟುಕೊಂಡಿರಬೇಕು.